ಮುಂದಿನ ಪೆಟ್ಟಿಗೆ ಯಾವಾಗ?

2025ರ ಜನವರಿ 16, ಗುರುವಾರ. ಎಂಟನೆಯ ವೇತನ ಆಯೋಗಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತೆಂಬ ಸುದ್ದಿ ಹಗಲಿನಲ್ಲಿಯೇ ನಮ್ಮ ಕಚೇರಿಯ ಮೇಜಿನಿಂದ ಮೇಜಿಗೆ ಹರಿದಾಡಿತು. ಅದೇ ದಿನ ಸಂಜೆ ಆರೂವರೆಗೆ ಜಪಾನಿನ ನಿಂಟೆಂಡೊ ಕಂಪನಿ ಸ್ವಿಚ್ 2 ಎಂಬ ತನ್ನ ಹೊಸ ಆಟದ ಯಂತ್ರವನ್ನು ಎರಡು ನಿಮಿಷ ಚಿಲ್ಲರೆಯ ಒಂದು ಚಿತ್ರದ ಮೂಲಕ ಲೋಕಕ್ಕೆ ತೋರಿಸಿತು. ಒಂದು ಸುದ್ದಿಗಾಗಿ ನಾವು ವರ್ಷಗಟ್ಟಲೆ ಕಾದಿದ್ದೆವು. ಇನ್ನೊಂದಕ್ಕಾಗಿ ನಮ್ಮ ಮಗ ಕಾದಿದ್ದ. ರಾತ್ರಿ ಊಟಕ್ಕೆ ಕುಳಿತಾಗ ಇಬ್ಬರ ಮುಖದಲ್ಲಿಯೂ ಒಂದೇ ಬಗೆಯ ತೃಪ್ತಿಯಿತ್ತು. ಇಬ್ಬರಿಗೂ ಸಿಕ್ಕಿದ್ದು ವಸ್ತುವಲ್ಲ, ಮಾತು ಮಾತ್ರ ಎಂಬುದನ್ನು ಬಡಿಸುತ್ತಿದ್ದ ಅವನ ತಾಯಿ ನೆನಪಿಸಿದರು.

ಇಲ್ಲಿ 'ನಾವು' ಎಂಬ ಮಾತಿನ ಬಗ್ಗೆ ಒಂದು ವಿವರಣೆ. ಇಪ್ಪತ್ತು ವರ್ಷ ಕಡತಗಳಲ್ಲಿ ಟಿಪ್ಪಣಿ ಬರೆದವನಿಗೆ 'ನಾನು' ಎಂಬ ಪದ ಕೈಗೆ ಬರುವುದಿಲ್ಲ. ಕೆಳಗೆ ಸಹಿ ಮಾಡಿದವನು ಎಂದು ಬರೆದುಕೊಂಡರೆ ಪ್ರಬಂಧ ಸುತ್ತೋಲೆಯಾಗಿಬಿಡುತ್ತದೆ. ಆದ್ದರಿಂದ ನಾವು.

ಊಹೆ ಕಟ್ಟುವುದರಲ್ಲಿ ಕೇಂದ್ರ ಸರ್ಕಾರಿ ನೌಕರರನ್ನು ಮೀರಿಸುವವರಿಲ್ಲವೆಂದು ನಾವು ಬಹುಕಾಲ ನಂಬಿದ್ದೆವು. ಆರನೆಯ ಆಯೋಗ 2006ರ ಅಕ್ಟೋಬರಿನಲ್ಲಿ ರಚನೆಯಾಗಿ, 2008ರ ಮಾರ್ಚಿನಲ್ಲಿ ವರದಿ ಕೊಟ್ಟು, 2006ರ ಜನವರಿ 1ರಿಂದ ಅನ್ವಯವಾಯಿತು. ಏಳನೆಯದು 2014ರ ಫೆಬ್ರವರಿಯಲ್ಲಿ ರಚನೆಯಾಯಿತು. ವರದಿ 2015ರ ನವೆಂಬರ್ 19ರಂದು ಬಂತು. ಸಂಪುಟದ ಒಪ್ಪಿಗೆ 2016ರ ಜೂನ್ 29ರಂದು. ಈ ತಾರೀಖುಗಳನ್ನು ನಮ್ಮ ವಿಭಾಗದಲ್ಲಿ ಎಬ್ಬಿಸಿ ಕೇಳಿದರೂ ಹೇಳುವವರಿದ್ದಾರೆ. ಈ ಹಳೆಯ ಅಂತರಗಳನ್ನು ಮುಂದಕ್ಕೆ ಎಳೆದು, ಬಾಕಿ ಹಣ ಯಾವ ತಿಂಗಳ ಸಂಬಳದೊಡನೆ ಕೈಸೇರುವುದೆಂದು ಕೂಡಿ ಕಳೆದು ಹೇಳುವುದೇ ಮಧ್ಯಾಹ್ನದ ಚಹಾ ಹೊತ್ತಿನ ವಿದ್ಯೆ. ನಮ್ಮ ಮಗ ತನ್ನ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದ ಇನ್ನೊಂದು ಪಟ್ಟಿಯನ್ನು ಕಂಡ ದಿನ, ಈ ವಿದ್ಯೆ ವಂಶಪಾರಂಪರ್ಯವಾಗಿ ಇಳಿದಿದೆಯೆಂದು ತಿಳಿಯಿತು.

ಅವನ ಪಟ್ಟಿ ಸೋನಿ ಕಂಪನಿಯ ಪ್ಲೇಸ್ಟೇಷನ್‌ಗೆ ಸಂಬಂಧಿಸಿದ್ದು. ಮೊದಲನೆಯದು ಜಪಾನಿನಲ್ಲಿ 1994ರ ಡಿಸೆಂಬರ್ 3. ಎರಡನೆಯದು 2000ದ ಮಾರ್ಚ್ 4. ಮೂರನೆಯದು 2006ರ ನವೆಂಬರ್ 11. ನಾಲ್ಕನೆಯದು ಅಮೆರಿಕದಲ್ಲಿ 2013ರ ನವೆಂಬರ್ 15. ಐದನೆಯದು 2020ರ ನವೆಂಬರ್ 12. ಅಂತರಗಳನ್ನು ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದ: ಐದು ವರ್ಷ ಮೂರು ತಿಂಗಳು, ಆರು ವರ್ಷ ಎಂಟು ತಿಂಗಳು, ಏಳು ವರ್ಷ ನಾಲ್ಕು ದಿನ, ಏಳು ವರ್ಷಕ್ಕೆ ಮೂರು ದಿನ ಕಡಿಮೆ. ಕೆಳಗೆ ಗೆರೆ ಎಳೆದು, 2027ರ ನವೆಂಬರ್ ಎಂದು ಬರೆದು, ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಆ ಚಿಹ್ನೆ ನಮಗೆ ಇಷ್ಟವಾಯಿತು. ನಮ್ಮ ಕಚೇರಿಯ ಪಂಡಿತರು ಅದನ್ನು ಹಾಕುವುದಿಲ್ಲ.

ಆಮೇಲೆ ನಾವೂ ಈ ಶಾಸ್ತ್ರದೊಳಗೆ ಇಳಿದೆವು. ಅದು ಬರೀ ತಾರೀಖಿನ ಕೂಡುಲೆಕ್ಕವಲ್ಲ. ಹೊಸ ಯಂತ್ರ ವರ್ಷದ ಕೊನೆಗೆ ಬರುವುದಕ್ಕೆ ಕಾರಣ ಕ್ರಿಸ್‌ಮಸ್ ವ್ಯಾಪಾರ. ಯಂತ್ರದೊಳಗಿನ ಚಿಪ್ಪನ್ನು ಎಎಂಡಿ ಎಂಬ ಅಮೆರಿಕದ ಕಂಪನಿ ಸೋನಿಯೊಡನೆ ಕೂಡಿ ರೂಪಿಸುತ್ತದೆ. ಆ ಕೆಲಸ ವರ್ಷಗಳ ಮೊದಲೇ ಶುರುವಾಗುತ್ತದೆ. ಆಟಗಳನ್ನು ತಯಾರಿಸುವವರಿಗೂ ಯಂತ್ರದ ಮಾದರಿಗಳು ಬಹಳ ಮೊದಲೇ ತಲುಪಬೇಕು. 2025ರ ಅಕ್ಟೋಬರಿನಲ್ಲಿ ಸೋನಿಯ ಯಂತ್ರಗಳ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ ಮತ್ತು ಎಎಂಡಿಯ ಜಾಕ್ ಹ್ಯೂನ್ ಜೊತೆಯಾಗಿ ಕುಳಿತು ಮಾತಾಡಿದ ಒಂದು ಚಿತ್ರ ಬಂತು. ತಾವು ಸಿದ್ಧಪಡಿಸುತ್ತಿರುವ ತಂತ್ರಜ್ಞಾನ ಕೆಲವು ವರ್ಷಗಳಲ್ಲಿ ಮುಂದೊಂದು ಯಂತ್ರದಲ್ಲಿ ಬರಬೇಕೆಂಬ ತಮ್ಮ ಆಸೆಯನ್ನು ಸರ್ನಿ ಹೇಳಿದರು. 'ಕೆಲವು ವರ್ಷ' ಎಂದರೆ ಎರಡೋ ಮೂರೋ ಎಂದು ಲೋಕವೆಲ್ಲ ತಲೆ ಕೆರೆದುಕೊಂಡಿತು. ನಮಗೆ ಇದು ಪರಿಚಿತ ಭಾಷೆ. 'ಪರಿಶೀಲನೆಯಲ್ಲಿದೆ' ಎಂಬ ಪದವನ್ನು ಬಿಡಿಸಿ ಅರ್ಥ ಹೇಳುವುದೇ ನಮ್ಮ ಕಸುಬು.

ನ್ಯಾಯಾಲಯದ ಕಾಗದಗಳಿಂದಲೂ ಸುಳಿವು ಸಿಗುತ್ತದೆ. ಮೈಕ್ರೋಸಾಫ್ಟ್ ಕಂಪನಿ ಆಕ್ಟಿವಿಷನ್ ಎಂಬ ದೊಡ್ಡ ಆಟದ ಸಂಸ್ಥೆಯನ್ನು ಕೊಳ್ಳಲು ಹೊರಟಾಗ ಅಮೆರಿಕದಲ್ಲಿ ಮೊಕದ್ದಮೆ ನಡೆಯಿತು. 2023ರಲ್ಲಿ ಆ ಮೊಕದ್ದಮೆಯ ಕಡತಗಳಲ್ಲಿ, ಮುಂದಿನ ಪೀಳಿಗೆಯ ಯಂತ್ರಗಳು 2028ರ ಹೊತ್ತಿಗೆ ಬರಬಹುದೆಂಬ ಅಂದಾಜು ಕಾಣಿಸಿಕೊಂಡಿತು. ಕಂಪನಿಯ ಜಾಹೀರಾತು ಹೇಳದ್ದನ್ನು ಅದರ ವಕೀಲರ ಕಾಗದ ಹೇಳಿಬಿಡುವುದುಂಟು. ಇದಕ್ಕೆ ಈಗ ಮೆಮೊರಿ ಚಿಪ್ಪುಗಳ ಬೆಲೆಯೂ ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸಿಕ್ಕಷ್ಟನ್ನೂ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಲ್ಲಿ ಆ ಬೆಲೆ ಜಿಗಿಯಿತು. ಹಾಗಾಗಿ ಅಗ್ಗದ ಯಂತ್ರ ಮಾಡಬೇಕಾದವರು ಇನ್ನೊಂದು ವರ್ಷ ತಡೆದರೂ ಆಶ್ಚರ್ಯವಿಲ್ಲ. ಮಗನ ಪ್ರಶ್ನಾರ್ಥಕ ಚಿಹ್ನೆಗೆ ಈಗ ಎರಡು ಬಾಲ.

ಈ ಕಂಪನಿಗಳಲ್ಲಿ ನಮಗೆ ಹೆಚ್ಚು ಆತ್ಮೀಯವೆನಿಸಿದ್ದು ನಿಂಟೆಂಡೊ. 1889ರಲ್ಲಿ ಕ್ಯೋಟೊ ನಗರದಲ್ಲಿ ಕೈಯಿಂದ ಮಾಡಿದ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ಮಾರಲು ಶುರುಮಾಡಿದ ಅಂಗಡಿಯದು. ಮೈಸೂರಿನ ಗಂಜೀಫಾ ಎಲೆಗಳನ್ನು ನೋಡಿದವರಿಗೆ ಆ ಎಲೆಗಳ ಚೆಲುವು ಬೇಗ ಹಿಡಿಸುತ್ತದೆ. ಆದರೆ ಆತ್ಮೀಯತೆಗೆ ಕಾರಣ ಬೇರೆ. ಅವರ ಹಣಕಾಸು ವರ್ಷವೂ ನಮ್ಮಂತೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. 2024ರ ಮೇ 7ರಂದು ಅದರ ಅಧ್ಯಕ್ಷ ಫುರುಕಾವಾ, ಸ್ವಿಚ್‌ನ ಉತ್ತರಾಧಿಕಾರಿಯ ಬಗ್ಗೆ ಈ ಹಣಕಾಸು ವರ್ಷದೊಳಗೆ ಪ್ರಕಟಣೆ ಕೊಡುವುದಾಗಿ ತಿಳಿಸಿದರು. ಸರ್ಕಾರಿ ನೌಕರನಿಗೆ ಇಂಥ ವಾಕ್ಯದ ಅರ್ಥ ಒಂದೇ: ಮಾರ್ಚ್ 31ರ ಸಂಜೆ. ಅವರು ಎರಡೂವರೆ ತಿಂಗಳು ಬಾಕಿಯಿರುವಾಗಲೇ ಮಾತು ಉಳಿಸಿಕೊಂಡದ್ದನ್ನು ಕಂಡು ನಮಗೆ ಸ್ವಲ್ಪ ಅಸೂಯೆಯಾಯಿತು. ಹಾಗೆ ನೋಡಿದರೆ ಮೊದಲ ಸ್ವಿಚ್ 2017ರ ಮಾರ್ಚ್ 3ರಂದು ಬಂದದ್ದು, ಪ್ಲೇಸ್ಟೇಷನ್ 2 ಕೂಡ ಮಾರ್ಚ್ ತಿಂಗಳಲ್ಲೇ ಬಂದದ್ದು. ವರ್ಷಾಂತ್ಯದ ಆತುರ ಜಪಾನಿನಲ್ಲಿಯೂ ಇದೆಯೆಂದಾಯಿತು.

ಸ್ವಿಚ್ 2 ಜೂನ್ 5ರಂದು ಮಾರಾಟಕ್ಕೆ ಬಂದು, ನಾಲ್ಕೇ ದಿನದಲ್ಲಿ 35 ಲಕ್ಷ ಖರ್ಚಾಯಿತು. ಭಾರತದಲ್ಲಿ ಬರಲಿಲ್ಲ. ನಿಂಟೆಂಡೊ ನಮ್ಮ ದೇಶದಲ್ಲಿ ಅಧಿಕೃತವಾಗಿ ಅಂಗಡಿ ಇಟ್ಟಿಲ್ಲ. ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿನಂಥ ಮಾರುಕಟ್ಟೆಗಳಿಗೆ ಅದು ದುಬೈ, ಸಿಂಗಪುರಗಳ ಸೂಟ್‌ಕೇಸುಗಳಲ್ಲಿ ಬರುತ್ತದೆ. ಗ್ಯಾರಂಟಿ ಅಂಗಡಿಯವನ ಬಾಯಿಮಾತು.

ಇಲ್ಲಿಂದ ಮುಂದೆ ಲೆಕ್ಕ ಬೇರೆಯಾಗುತ್ತದೆ. ಲೋಕಕ್ಕೆ ಯಾವಾಗ ಬರುವುದೆಂಬುದು ಒಂದು ಊಹೆ. ನಮಗೆ ಯಾವಾಗ ಬರುವುದೆಂಬುದು ಅದರ ಮೇಲಿನ ಇನ್ನೊಂದು ಊಹೆ. ಮೂರನೆಯ ಪ್ಲೇಸ್ಟೇಷನ್ ಭಾರತಕ್ಕೆ ಬಂದದ್ದು 2007ರ ಏಪ್ರಿಲ್ ಕೊನೆಗೆ, ಐದು ತಿಂಗಳಿಗೂ ಹೆಚ್ಚು ತಡವಾಗಿ. ನಾಲ್ಕನೆಯದು 2014ರ ಜನವರಿ 6ರಂದು, 52 ದಿನ ತಡವಾಗಿ. ಐದನೆಯದರ ಕತೆ ನಮ್ಮ ಮನೆಯಲ್ಲಿಯೇ ನಡೆಯಿತು. 2020ರ ನವೆಂಬರಿನಲ್ಲಿ ಲೋಕವೆಲ್ಲ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಭಾರತಕ್ಕೆ ತಾರೀಖೇ ಇರಲಿಲ್ಲ. ಆಮದು ನಿಯಮಗಳನ್ನು ಅನುಸರಿಸಿ ಎಂಬ ಒಂದು ಸಾಲು ಮಾತ್ರ ಇತ್ತು. ಆದರೆ ಅದರ ಪ್ರತಿಸ್ಪರ್ಧಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಆ ನವೆಂಬರ್ 10ರಂದೇ ಲೋಕದ ಜೊತೆಗೇ ಇಲ್ಲಿಗೂ ಬಂದಿತ್ತು. 2021ರ ಹೊಸ ವರ್ಷದ ದಿನ ಸೋನಿ ತಾರೀಖು ಹೇಳಿತು: ಫೆಬ್ರವರಿ 2, ಬೆಲೆ 49,990 ರೂಪಾಯಿ, ಮುಂಗಡ ಕಾಯ್ದಿರಿಸುವಿಕೆ ಜನವರಿ 12ರ ಮಧ್ಯಾಹ್ನ 12ಕ್ಕೆ. ಆ ಮಧ್ಯಾಹ್ನ ಮಗ, ಆಗ ಹತ್ತು ವರ್ಷದವನು, ನಮ್ಮ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ತತ್ಕಾಲ್ ಟಿಕೆಟಿನ ಅನುಭವವಿದ್ದ ನಮಗೆ ಏನಾಗುವುದೆಂದು ಗೊತ್ತಿತ್ತು. ಕೆಲವೇ ನಿಮಿಷಗಳಲ್ಲಿ ಎಲ್ಲ ತಾಣಗಳಲ್ಲೂ 'ದಾಸ್ತಾನು ಇಲ್ಲ'. ಆ ವರ್ಷ ನಾವು ಅವನಿಗೆ ಅದೇ ಪಾರ್ಕ್‌ಲೇನಿನಿಂದ ಯಾರೋ ಮಾರಿಹೋದ ಒಂದು ಪ್ಲೇಸ್ಟೇಷನ್ 4 ತಂದುಕೊಟ್ಟೆವು. ಬಹಳ ಚೆನ್ನಾಗಿಯೇ ನಡೆಯಿತು. ಫ್ಯಾನಿನ ಸದ್ದು ಮಾತ್ರ ರಾಯಚೂರಿನ ಹಿಟ್ಟಿನ ಗಿರಣಿಯನ್ನು ನೆನಪಿಸುತ್ತಿತ್ತು.

ನಾವು ಹುಟ್ಟಿದ್ದು ಆ ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನಲ್ಲಿ. 1956ರ ನವೆಂಬರ್ 1ರವರೆಗೆ ಈ ಹೈದರಾಬಾದೇ ನಮ್ಮ ರಾಜಧಾನಿಯಾಗಿತ್ತಾದ್ದರಿಂದ ಇಲ್ಲಿ ನೌಕರಿಗೆ ಬಂದಾಗ ನಮ್ಮ ಅಜ್ಜನಿಗೆ ಅದು ಪರಊರೆಂದು ಅನ್ನಿಸಿರಲಿಲ್ಲ. ನಾವು ಎಂಟನೆಯ ತರಗತಿಯಲ್ಲಿದ್ದಾಗ ಪೇಟೆಯ ಒಂದು ಅಂಗಡಿಯಲ್ಲಿ ಗಂಟೆಗೆ ಐದು ರೂಪಾಯಿಯಂತೆ ವಿಡಿಯೊ ಗೇಮ್ ಆಡಿಸುತ್ತಿದ್ದರು. ಕೆಂಪು ಬಿಳಿ ಡಬ್ಬಿ, ಒಂದೇ ಕ್ಯಾಸೆಟ್ಟಿನಲ್ಲಿ 9999 ಆಟ ಎಂದು ಬರೆದಿರುತ್ತಿತ್ತು. ನಿಜಕ್ಕೂ ಇರುತ್ತಿದ್ದುದು ಹತ್ತಿಪ್ಪತ್ತು. ಅದು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಯಂತ್ರದ ನಕಲು ಎಂಬುದು ತಿಳಿಯುವ ಹೊತ್ತಿಗೆ ನಾವು ಗುಲ್ಬರ್ಗದಲ್ಲಿ ಎಂ.ಎ. ಓದುತ್ತಿದ್ದೆವು. ನಾವು ಆ ನಕಲನ್ನು ಆಡುತ್ತಿದ್ದ ಕಾಲಕ್ಕೆ ಜಪಾನಿನ ಹುಡುಗರು ಮೊದಲ ಪ್ಲೇಸ್ಟೇಷನ್ನಿಗೆ ಸಾಲುಗಟ್ಟಿದ್ದರು.

ಇದು ಬರೀ ನಮ್ಮ ಮನೆಯ ಕತೆಯಲ್ಲ. ಸಂಪೂರ್ಣವಾಗಿ ಭಾರತದಲ್ಲಿಯೇ ತಯಾರಾದ ಮೊದಲ ಪ್ಲೇಸ್ಟೇಷನ್ ಆಟವೆಂದು ಹೆಸರಾದ 'ಹನುಮಾನ್: ಬಾಯ್ ವಾರಿಯರ್' ಹುಟ್ಟಿದ್ದು ಈ ಹೈದರಾಬಾದಿನಲ್ಲಿ, ಆರೋನಾ ಟೆಕ್ನಾಲಜೀಸ್ ಎಂಬ ಸಂಸ್ಥೆ ಮಾಡಿದ್ದು, 2009ರಲ್ಲಿ ಸೋನಿ ಹೊರತಂದದ್ದು. ದೇವರನ್ನು ಗುಂಡಿ ಒತ್ತಿ ಆಡಿಸುವುದು ಸರಿಯೇ ಎಂಬ ಆಕ್ಷೇಪ ಅಮೆರಿಕದಿಂದ ಎದ್ದು ಸ್ವಲ್ಪ ಗದ್ದಲವೂ ಆಯಿತು. ಯಕ್ಷಗಾನದಲ್ಲಿ, ಬಯಲಾಟದಲ್ಲಿ ಹನುಮಂತನನ್ನು ಕುಣಿಸಿದ ನಾಡಿನವರಿಗೆ ಆ ಆಕ್ಷೇಪ ಅಷ್ಟಾಗಿ ತಟ್ಟಲಾರದು. ಅದೇ ವರ್ಷ ಇದೇ ಊರಿನ ಗೇಮ್‌ಶಾಸ್ತ್ರ ಎಂಬ ಇನ್ನೊಂದು ಸಂಸ್ಥೆ ಕಬಡ್ಡಿ, ಗಾಳಿಪಟ, ಚಿನ್ನಿದಾಂಡುಗಳನ್ನು 'ದೇಸಿ ಅಡ್ಡಾ' ಎಂಬ ಹೆಸರಿನಲ್ಲಿ ಆಟವಾಗಿಸಿತು. ನಮ್ಮ ಗಮನ ಹೋದದ್ದು ಯಂತ್ರದ ಮೇಲೆ. ಎರಡೂ ಬಂದದ್ದು ಪ್ಲೇಸ್ಟೇಷನ್ 2ಕ್ಕೆ. ಆ ಹೊತ್ತಿಗೆ ಮೂರನೆಯದು ಬಂದು ಮೂರು ವರ್ಷವಾಗುತ್ತ ಬಂದಿತ್ತು. ನಮ್ಮವರು ನಮ್ಮದೇ ಆಟವನ್ನು ಮೊದಲ ಸಲ ಮಾಡಿದಾಗ, ಲೋಕ ಹಳೆಯದೆಂದು ಬದಿಗಿಟ್ಟ ಪೆಟ್ಟಿಗೆಗೆ ಮಾಡಿದರು. ಅದರಲ್ಲಿ ತಪ್ಪೇನಿಲ್ಲ. ಇಲ್ಲಿ ಮನೆಮನೆಯಲ್ಲಿ ಇದ್ದದ್ದು ಆ ಪೆಟ್ಟಿಗೆಯೇ. ಅದರ ತಯಾರಿಕೆ ನಿಂತದ್ದು 2013ರ ಸುಮಾರಿಗೆ, ನಾಲ್ಕನೆಯದು ಬರುವ ವರ್ಷ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿ ನಮ್ಮ ಕಾಕಾ ಇನ್ನೂ ನಾಲ್ಕು ಎಕರೆ ಭತ್ತ ಮಾಡುತ್ತಾರೆ. 'ಕೊನೆಯಂಚು' ಎಂದರೆ ಏನೆಂದು ಮಾನ್ವಿ, ಸಿರವಾರದ ಕಡೆಯವರಿಗೆ ವಿವರಿಸಬೇಕಿಲ್ಲ. ನೀರಾವರಿ ಸಲಹಾ ಸಮಿತಿ ತಾರೀಖು ಗೊತ್ತುಮಾಡುವುದು ಒಂದು. ಮೇಲಿನವರ ಗದ್ದೆ ದಾಟಿ ನೀರು ಇಲ್ಲಿಗೆ ಬಂದು ಮುಟ್ಟುವುದು ಇನ್ನೊಂದು. ಒಳಹರಿವಿನ ಕ್ಯೂಸೆಕ್ಕು, ಶಿವಮೊಗ್ಗದ ಮಳೆ, ಸಚಿವರ ಮಾತು, ಎಲ್ಲವನ್ನೂ ಸೇರಿಸಿ ಕಾಕಾ ಒಂದು ದಿನ ಹೇಳುತ್ತಾರೆ. ಅದು ನಾಲ್ಕಾರು ದಿನ ಹೆಚ್ಚುಕಡಿಮೆಯಾಗಿ ನಿಜವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ನೀರು ಹರಿದುಹೋದಾಗ ಯಾವ ಊಹೆಗೂ ಸಿಗದ ಸಂಗತಿಯೊಂದು ನಡೆಯಿತು. ಕನ್ನಯ್ಯ ನಾಯ್ಡು ಅವರ ತಂಡ ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿ ಆ ವರ್ಷದ ಬೆಳೆ ಉಳಿಸಿತು. ಈಗ 33 ಗೇಟುಗಳನ್ನೂ ಬದಲಿಸಬೇಕಾಗಿರುವುದರಿಂದ ಈ ಸಲ ಎರಡನೆಯ ಬೆಳೆಗೆ ನೀರಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಮಗನ ಪಟ್ಟಿಯ ವಿಷಯ ಕೇಳಿ ಕಾಕಾ ನಗಲಿಲ್ಲ. "ಮ್ಯಾಲಿನವ್ರಿಗೆ ಬಂದು ಎಷ್ಟು ದಿನಕ್ಕ ನಿಮಗ ಬರ್ತದಪಾ?" ಎಂದು ಗಂಭೀರವಾಗಿಯೇ ವಿಚಾರಿಸಿದರು. "ಹಿಂದ 82 ದಿನ ಆಗಿತ್ತು ತಾತಾ" ಎಂದ ಮಗ. "ಹಂಗಾದ್ರ ಮೂರು ತಿಂಗಳು ಹಿಡಿ" ಎಂದರು ಕಾಕಾ.

ಸಾಹಿತ್ಯ ಓದಿದವರು ಇಂಥ ಕಡೆ ಬೆಕೆಟ್‌ನನ್ನು ಕರೆತರುವುದು ವಾಡಿಕೆ. ನಾವು ಕರೆಯುವುದಿಲ್ಲ. ಗೋಡೋ ಬರುವುದಿಲ್ಲ, ಪ್ಲೇಸ್ಟೇಷನ್ ಬಂದೇ ಬರುತ್ತದೆ, ನೀರು ಬಂದೇ ಬರುತ್ತದೆ, ಆಯೋಗದ ಬಾಕಿಯೂ ಬರುತ್ತದೆ. ಬಂದಾಗ ನಾವು ಯಾವ ವಯಸ್ಸಿನಲ್ಲಿರುತ್ತೇವೆ ಎಂಬುದಷ್ಟೇ ತೊಡಕು. ಇದಕ್ಕಿಂತ ನಮಗೆ ಹತ್ತಿರವಾಗುವುದು ಡಿಕನ್ಸ್‌ನ ಕಾದಂಬರಿಯ ಕೊನೆಯ ಕಂತನ್ನು ಹೊತ್ತ ಹಡಗಿಗಾಗಿ ನ್ಯೂಯಾರ್ಕಿನ ಬಂದರಿನಲ್ಲಿ ಕಾದು, ಪುಟ್ಟ ನೆಲ್ ಬದುಕಿದ್ದಾಳೆಯೇ ಎಂದು ದಡದಿಂದಲೇ ಕೂಗಿ ಕೇಳಿದರೆನ್ನುವ ಜನರ ಕತೆ. ಲಂಡನ್ನಿನ ಓದುಗರಿಗೆ ಆಗಲೇ ಗೊತ್ತಾಗಿಹೋಗಿತ್ತು. ಅಂದಿನ ಮಟ್ಟಿಗೆ ನ್ಯೂಯಾರ್ಕೇ ಕೊನೆಯಂಚು.

ಮಗ ಈಗ ಹತ್ತನೆಯ ತರಗತಿ. ಮಾರ್ಚಿನಲ್ಲಿ ಪರೀಕ್ಷೆ. ಜೂನಿನಿಂದ ಇಂಟರ್. ಈ ಊರಿನಲ್ಲಿ ಇಂಟರ್ ಎಂದರೆ ಬೆಳಗಿನ ಆರಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವುದು, ಅಥವಾ ಹಾಸ್ಟೆಲಿಗೆ ಸೇರಿ ಬರದೇ ಇರುವುದು. ಅವನ ಆಯ್ಕೆ ಹಾಸ್ಟೆಲಿನ ಕಡೆಗಿದೆ, ಗೆಳೆಯರೆಲ್ಲ ಅಲ್ಲಿಗೆ. ಹಾಗಾಗಿ ನಮ್ಮ ಮನಸ್ಸಿನಲ್ಲಿ ಬೇರೊಂದು ಲೆಕ್ಕವಿತ್ತು. ಪರೀಕ್ಷೆ ಮುಗಿದ ಮರುದಿನವೇ ಈಗಿನ ಪ್ಲೇಸ್ಟೇಷನ್ 5 ತಂದುಬಿಡುವುದು. 2022ರ ನವೆಂಬರಿನಲ್ಲಿ ಅದರ ಬೆಲೆ 54,990ಕ್ಕೆ ಏರಿದೆ, ಏರಲಿ. ಏಪ್ರಿಲ್, ಮೇ, ಎರಡು ತಿಂಗಳು ಹುಡುಗ ಮನೆಯಲ್ಲಿರುತ್ತಾನೆ, ನಡುಮನೆಯಲ್ಲಿ ಕುಳಿತು ಆಡುತ್ತಾನೆ, ಸಂಜೆ ನಾವು ಬಂದಾಗ ಒಂದು ಕಂಟ್ರೋಲರ್ ನಮ್ಮ ಕಡೆ ಚಾಚುತ್ತಾನೆ. ಫುಟ್‌ಬಾಲ್ ಆಟದಲ್ಲಿ ನಾವು ಸೋಲುವುದು ನಿಶ್ಚಿತ. ಆ ಸೋಲಿಗೆ ಬೆಲೆ ಕಟ್ಟಿದರೆ 54,990 ಹೆಚ್ಚೇನಲ್ಲ ಎಂದೆನಿಸಿತ್ತು.

ಇದನ್ನು ಹೇಳಿದಾಗ ಅವನು ತಕ್ಷಣ ಉತ್ತರಿಸಲಿಲ್ಲ. ನೋಟ್‌ಬುಕ್ ತಂದ.

"ಅಪ್ಪಾ, ಈಗ ತಗೊಂಡ್ರ ಎರಡು ವರ್ಷದಾಗ ಹಳೀದು ಆಗ್ತದ."

"ಆಗಲಿ ಬಿಡೋ. ಆಡೋದು ಈಗ ತಾನೆ?"

"ನನಗ ಯಾವಾಗಲೂ ಹಿಂದಿಂದೇ ಬಂದದ. ಫೋರ್ ಬಂದಿದ್ದು ಫೈವ್ ಬಂದಮ್ಯಾಲೆ. ಸೈಕಲ್ ಅಣ್ಣಂದು, ಲ್ಯಾಪ್‌ಟಾಪ್ ನಿಮ್ದು. ಒಂದು ಸಲ ಬಂದ ದಿನಾನೇ ತಗೋಬೇಕಂತ ಅದ." ಅವನ 'ಅಣ್ಣ' ಎಂದರೆ ನಮ್ಮ ಅಕ್ಕನ ಮಗ. ದೂರುವ ದನಿ ಇರಲಿಲ್ಲ. ಪಟ್ಟಿಯ ಇನ್ನೊಂದು ಸಾಲನ್ನು ಓದಿದಂತಿತ್ತು.

2027ರ ನವೆಂಬರಿಗೆ ಮೂರು ತಿಂಗಳು ಸೇರಿಸಿದರೆ 2028ರ ಜನವರಿ ಕೊನೆ ಅಥವಾ ಫೆಬ್ರವರಿ. ಅವನು ಎರಡನೆಯ ವರ್ಷದ ಇಂಟರ್‌ನಲ್ಲಿರುತ್ತಾನೆ. ಜೆಇಇ ಮೇನ್‌ನ ಮೊದಲ ಸುತ್ತು ಸಾಮಾನ್ಯವಾಗಿ ಜನವರಿಯಲ್ಲಿ, ಎರಡನೆಯದು ಏಪ್ರಿಲಿನಲ್ಲಿ. ಇದನ್ನು ಮೊದಲು ಕಂಡುಹಿಡಿದವರು ಅವನ ತಾಯಿ. "ಬರೋಬ್ಬರಿ ನಡುವಿನಾಗ ಬಂದು ಬೀಳ್ತದಲ್ಲ" ಎಂದರು. ಎಂಟನೆಯ ಆಯೋಗಕ್ಕೆ 2025ರ ನವೆಂಬರಿನಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ. ವರದಿ 2027ರ ಮೇ ಸುಮಾರಿಗೆ ಬಂದರೆ, ಸಂಪುಟ ಏಳನೆಯದಕ್ಕೆ ಹಿಡಿದಷ್ಟೇ ಕಾಲ ಹಿಡಿದರೆ, ಬಾಕಿಯೂ ಆ ಚಳಿಗಾಲದಲ್ಲಿಯೇ. ನಮ್ಮ ವರ್ಗಾವಣೆಯ ಸರದಿ ಬರುವುದೂ ಅದೇ ವರ್ಷ. ಪೆಟ್ಟಿಗೆ ಬರುವ ಹೊತ್ತಿಗೆ ಅದನ್ನಿಡುವ ನಡುಮನೆ ಯಾವ ಊರಿನದೋ.

ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ಒಂದು ಭಾನುವಾರ ಕಾರ್ಯಕ್ರಮ ಮುಗಿದ ಮೇಲೆ ಹಿರಿಯ ಮಿತ್ರರೊಬ್ಬರಿಗೆ ಇದನ್ನೆಲ್ಲ ಹೇಳಿದೆವು. ಇಷ್ಟು ದುಡ್ಡಿನ ಆಟಿಕೆಗೆ ಇಷ್ಟು ಯೋಚನೆಯೇ ಎಂದು ಅವರು ಕೇಳಿದರು. ಅವರು ಮಗಳ ಮದುವೆಗೆ ಮೂರು ವರ್ಷ ಮುಹೂರ್ತ ನೋಡಿದವರು, ನಾವು ಸುಮ್ಮನಿದ್ದೆವು.

ಮಗನ ಬಳಿ ಅಜ್ಜಿಯ ಯುಗಾದಿ ದುಡ್ಡು, ಸೋದರಮಾವಂದಿರ ಕೈಗಾಣಿಕೆ ಎಲ್ಲ ಸೇರಿ 38,000 ರೂಪಾಯಿಯಿತ್ತು. ಅದನ್ನು ಅಂಚೆ ಕಚೇರಿಯ ಟೈಮ್ ಡೆಪಾಸಿಟ್‌ನಲ್ಲಿ ಇಡುವುದೆಂದು ಗೊತ್ತಾಯಿತು. ಹತ್ತು ವರ್ಷ ದಾಟಿದವರು ತಮ್ಮ ಹೆಸರಿನಲ್ಲಿಯೇ ಖಾತೆ ತೆರೆಯಬಹುದಾದ್ದರಿಂದ ಜನವರಿಯ ಒಂದು ಶನಿವಾರ ಇಬ್ಬರೂ ಹೋದೆವು. ಫಾರಂ ತುಂಬಿದವನು ಅವನೇ. ಅವಧಿಯ ಚೌಕದ ಬಳಿ ಪೆನ್ನು ನಿಂತಿತು. ಒಂದು, ಎರಡು, ಮೂರು, ಐದು ವರ್ಷ, ಇಷ್ಟರಲ್ಲಿ ಒಂದು. ಹಿಂದೆ ಸಾಲು ಬೆಳೆಯುತ್ತಿತ್ತು. ಕೌಂಟರಿನಲ್ಲಿದ್ದ ಮೇಡಂ ಕನ್ನಡಕದ ಮೇಲಿಂದ ನೋಡಿ, "ಎಷ್ಟು ವರ್ಷ ಬಾಬು?" ಎಂದು ತೆಲುಗಿನಲ್ಲಿ ಕೇಳಿದರು. ಅವನು ಎರಡು ಎಂದು ಬರೆದ. ಆಮೇಲೆ, ಅದಕ್ಕೂ ಮೊದಲೇ ಬೇಕಾದರೆ ತೆಗೆಯಬಹುದೇ ಎಂದು ತೆಲುಗಿನಲ್ಲಿಯೇ ವಿಚಾರಿಸಿದ. ಆರು ತಿಂಗಳು ಕಳೆದ ಮೇಲೆ ಯಾವಾಗ ಬೇಕಾದರೂ ತೆಗೆಯಬಹುದು, ಬಡ್ಡಿ ಕಡಿಮೆಯಾಗುತ್ತದೆ ಎಂದರು. ಎಷ್ಟು ಕಡಿಮೆಯಾಗುತ್ತದೆಂದು ಅವನು ಕೇಳಿದ. ಅವರು ಹೇಳಿದ್ದನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕಿಕೊಂಡ.